ಪುಟ ಅರವತ್ತೊಂದು

"ಈ ಪುಸ್ತಕ ಬರೆದ ಮಹಾಶಯರು ಯಾರ್ರೀ ಇಲ್ಲಿ?"

ಧಡ್! ಮೇಜಿನ ಮೇಲೆ ಪುಸ್ತಕ ಬಿದ್ದ ರಭಸಕ್ಕೆ ಲೋಟ ಅಲುಗಿತು. ಅವಳು ಬೆಳಗ್ಗೆಯಿಂದ ಕೂತು ತಿದ್ದಿದ್ದ ಕರಡಿನ ಮೇಲೆಲ್ಲ ಚಹಾ ಚೆಲ್ಲಿತು.

ಅವಳು ತಲೆಯೆತ್ತಿದಳು. ಮಣ್ಣು ಮೆತ್ತಿದ ಬೂಟು, ಎದೆಯ ಮೇಲೆ ಬೆಟ್ಟದ ರಕ್ಷಣಾ ತಂಡದ ಬಿಲ್ಲೆ, ನಿದ್ದೆಗೆಟ್ಟ ಕೆಂಪು ಕಣ್ಣು. ಆಸಾಮಿ ನೋಡಲು ಚೆನ್ನಾಗಿಯೇ ಇದ್ದ, ಸುಳ್ಳೇಕೆ ಹೇಳಬೇಕು? ಆದರೆ ಅಂಥ ಬಾಯಿ ಇಟ್ಟುಕೊಂಡವನ ಚೆಂದ ನೋಡುತ್ತ ಕೂರುವಷ್ಟು ತಾಳ್ಮೆ ಯಾರಿಗಿದೆ!

"ಬರೆದೋರು ನಮ್ಮಪ್ಪ. ಸಂಪಾದಕಿ ನಾನು. ಮೊದಲು ಆ ಚಹಾ ಒರೆಸಿ, ಆಮೇಲೆ ಮಾತಾಡಿ."

"ಪುಟ ಅರವತ್ತೊಂದು ತೆಗೀರಿ."

"ಒರೆಸ್ರೀ ಅಂದೆ!"

"ನಮ್ಮಕ್ಕ ಕಾಲು ಮುರ್ಕೊಂಡು ಆರು ಗಂಟೆ ಹೊತ್ತು ಹಳೇ ಕಲ್ಲುಗಣಿ ಅಂಚಲ್ಲಿ ಬಿದ್ದಿದ್ಳು. ನಿಮಗೆ ಚಹಾದ ಚಿಂತೆ! ಈ ಪುಸ್ತಕ ಕೈಯಲ್ಲಿ ಹಿಡ್ಕೊಂಡೇ ಬಿದ್ದಿದ್ಳು. ಹುಡುಕಿ ಹೊತ್ಕೊಂಡು ಬಂದೋನು ನಾನೇ."

ಅವಳು ಪುಟ ತೆಗೆದಳು. ಅಪ್ಪನ ಕೈಯ ನಕ್ಷೆ. ಕೆಳಗೆ ಆ ಸಾಲು: 'ಸೀಳುಬಂಡೆ ಸಿಕ್ಕಾಗ ಅದನ್ನು ಎಡಗೈಗೆ ಬಿಟ್ಟು ಮುಂದೆ ಸಾಗಿ.'

"ಎಡಗೈಗೆ ಬಿಟ್ಟು ಹೋದ್ರೆ ಗಣಿ ಸಿಗುತ್ತೆ. ಬೆಟ್ಟದ ತುದಿ ಅಲ್ಲ."

"ಸಾಧ್ಯನೇ ಇಲ್ಲ. ನಮ್ಮಪ್ಪ ತಪ್ಪು ಬರೆಯೋರಲ್ಲ. ನಿಮ್ಮಕ್ಕ ಓದಿಕೊಂಡಿದ್ದೇ ತಪ್ಪಿರಬೇಕು."

"ಅವಳು ಲೈಬ್ರೇರಿಯನ್ ಕಣ್ರೀ!"

ಅಕ್ಕಪಕ್ಕದ ಮೇಜಿನವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ನೋಡುತ್ತಿದ್ದರು. ಕೆಳಗಿನ ಮುದ್ರಣ ಯಂತ್ರದ ಸದ್ದೊಂದೇ ಕೇಳುತ್ತಿತ್ತು. ಒಳಕೋಣೆಯಿಂದ ಪ್ರಕಾಶಕರು ಹೊರಬಂದರು. ಅವರ ಕೈಯಲ್ಲಿ ಅವನ ದೂರಿನ ಪತ್ರ ಆಗಲೇ ಇತ್ತು.

"ನೋಡಮ್ಮ," ಎಂದರು, "ಪುಸ್ತಕ ಅಂಗಡಿಗಳಿಂದ ವಾಪಸ್ ತರಿಸ್ತಿದೀನಿ. ಸೋಮವಾರದೊಳಗೆ ಇವರು ದೂರು ಹಿಂತಗೊಂಡ್ರೆ ಸರಿ. ಇಲ್ಲಾಂದ್ರೆ ಅಷ್ಟೂ ಪ್ರತಿ ರದ್ದಿಗೆ. ಮತ್ತೆ ಅಚ್ಚು ಹಾಕೋ ಮಾತೂ ಇಲ್ಲ."

ರದ್ದಿಗೆ! ಮೂವತ್ತು ವರ್ಷದ ಪುಸ್ತಕದ ಹೊಸ ಆವೃತ್ತಿ! ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಅಪ್ಪ ರಜೆ ಸಿಕ್ಕಾಗಲೆಲ್ಲ ಬೆಟ್ಟ ಹತ್ತಿ, ಒಂದೊಂದೇ ದಾರಿ ಬರೆದು ಕಟ್ಟಿದ ಪುಸ್ತಕ. ಅಮ್ಮ ತೀರಿಕೊಂಡ ಮೇಲೆ ಅವರನ್ನು ಬದುಕಿಸಿದ್ದೇ ಅದು.

"ಶನಿವಾರ ನನ್ನ ಜೊತೆ ಆ ಬೆಟ್ಟ ಹತ್ತಿ," ಎಂದಳು ಅವನಿಗೆ. "ಅಪ್ಪನ ಪುಟ ಸರಿ ಇದೆ ಅಂತ ತೋರಿಸ್ತೀನಿ. ಆಮೇಲೆ ನಿಮ್ಮ ದೂರು ನೀವೇ ಹರೀಬೇಕು."

"ತಪ್ಪಿದ್ರೆ?"

"ತಪ್ಪಿದ್ರೆ ನಿಮ್ಮಕ್ಕನ ಮುಂದೆ ಬಂದು ಕ್ಷಮೆ ಕೇಳ್ತೀನಿ."

"ಆರು ಗಂಟೆಗೆ ಬಸ್ಸು. ತಡ ಮಾಡಿದ್ರೆ ಕಾಯಲ್ಲ, ಪುಟ ಅರವತ್ತೊಂದು!"

ಹೆಸರು ಬೇರೆ ಇಟ್ಟುಬಿಟ್ಟ, ಧೂರ್ತ!

* * *

ಮನೆಯಲ್ಲಿ ವಿಷಯ ಹೇಳಿದಾಗ ಅಪ್ಪ ಪೆನ್ಸಿಲ್ ಚೂಪು ಮಾಡುತ್ತಿದ್ದರು. ಕೈ ಒಂದು ಕ್ಷಣ ನಿಂತಿತು.

"ಆ ಹೆಣ್ಮಗಳು ಹೇಗಿದಾಳೆ?"

"ಕಾಲಿಗೆ ಪ್ಲಾಸ್ಟರ್ ಹಾಕಿದಾರಂತೆ. ನೀವು ಯೋಚನೆ ಮಾಡಬೇಡಿ ಅಪ್ಪ. ಅವನ ಸೊಕ್ಕು ಇಳಿಸಿ ಬರ್ತೀನಿ."

ಅಪ್ಪ ಚೂಪಾಗಿದ್ದ ಪೆನ್ಸಿಲನ್ನೇ ಮತ್ತೆ ಚೂಪು ಮಾಡತೊಡಗಿದರು. ಅವಳು ಅದನ್ನು ಗಮನಿಸಬೇಕಿತ್ತು... ಗಮನಿಸಲಿಲ್ಲ.

* * *

ಶನಿವಾರ ಬೆಟ್ಟ ಹತ್ತುವಾಗ ಇಬ್ಬರ ನಡುವೆ ಹತ್ತು ಹೆಜ್ಜೆ ಅಂತರ. ಮಾತು ಬಂದರೆ ಅದು ಜಗಳವೇ.

"ಏದುಸಿರು ಬರ್ತಿದೆ, ಕೂತ್ಕೊಳ್ಳಿ."

"ಏದುಸಿರಲ್ಲ. ನಿಮ್ಮನ್ನ ನೋಡಿ ಮೈ ಉರೀತಿದೆ."

"ಹಾಗಾದ್ರೆ ನೀರು ಕುಡೀರಿ. ಎರಡಕ್ಕೂ ಆಗುತ್ತೆ."

ಬಾಟಲಿ ಚಾಚಿದ. ಬಾಯಾರಿ ಸಾಯುತ್ತಿದ್ದರೂ ಅವಳು ಮುಖ ತಿರುಗಿಸಿದಳು. ಹಟಕ್ಕೆ ಒಂದು ಮಿತಿ ಬೇಡವೇ?

ಸೀಳುಬಂಡೆ ಬಂತು. ಆಳೆತ್ತರದ ಬಂಡೆ, ನಡುವೆ ಕತ್ತರಿಸಿದ ಹಾಗೆ ಬಿರುಕು, ಎರಡೂ ಬದಿಗೆ ಸವೆದ ಕಾಲುದಾರಿ. ಅವಳು ಪುಸ್ತಕ ಬಿಡಿಸಿ, ಬಂಡೆಯನ್ನು ಎಡಗೈಗೆ ಬಿಟ್ಟು, ಗದ್ದ ಎತ್ತಿ ನಡೆದಳು. ಮುನ್ನೂರು ಹೆಜ್ಜೆ. ಆಮೇಲೆ ಕಾಲಡಿಯ ಜಲ್ಲಿ ಸರ್ರನೆ ಜಾರಿತು. ಅವನ ಕೈ ಅವಳ ತೋಳನ್ನು ಬಿಗಿಯಾಗಿ ಹಿಡಿದೆಳೆಯಿತು.

ಎದುರಿಗೆ ನೆಲವೇ ಇರಲಿಲ್ಲ. ಕೆಳಗೆ ಕಲ್ಲುಗಣಿ ಬಾಯಿ ತೆರೆದು ಬಿದ್ದಿತ್ತು.

"ಅಕ್ಕ ಬಿದ್ದಿದ್ದು ಅಲ್ಲಿ," ಎಂದ. ಅಂಚಿಗೇ ಬೆಳೆದಿದ್ದ ಒಂದು ಪೊದೆಯತ್ತ ಬೆರಳು ತೋರಿಸಿದ. "ಆ ಪೊದೆ ಇಲ್ದೇ ಇದ್ದಿದ್ರೆ... ನಾನು ಹೆಣ ಹೊತ್ಕೊಂಡು ಇಳೀಬೇಕಿತ್ತು."

ಅವಳು ಪುಸ್ತಕದ ನಕ್ಷೆಯನ್ನೂ ಗಣಿಯನ್ನೂ ಮತ್ತೆ ಮತ್ತೆ ನೋಡಿದಳು. 'ಅಪ್ಪ... ಇದು ಹೇಗೆ ಸಾಧ್ಯ? ನೀವೇ ಹತ್ತಿ ನೋಡಿದ ದಾರಿಯಲ್ಲವೇ?'

ಬಂಡೆಯ ಆಚೆ ಬದಿಯಿಂದ ಮತ್ತೆ ಹತ್ತಿದರು. ಅರ್ಧ ಗಂಟೆಗೆಲ್ಲ ತುದಿ. ಹಿಂಬದಿಯಿಂದ ಅಲ್ಲಿಯವರೆಗೂ ಒಂದು ಜೀಪಿನ ದಾರಿ ಬಂದಿತ್ತು. ಅವಳು ಅದನ್ನು ನೋಡಿದಳು, ಅರ್ಥವಾಗಲಿಲ್ಲ.

ಅರ್ಥವಾದದ್ದು ಇಳಿಯುವಾಗ. ಸರಿಯಾದ ದಾರಿಯಲ್ಲೇ ಇಳಿದು ಸೀಳುಬಂಡೆಗೆ ಬಂದಾಗ ಕಾಲು ಸೋತು, ಆಸರೆಗೆಂದು ಕೈ ಚಾಚಿದಳು. ಚಾಚಿದ್ದು ಎಡಗೈ! ಬಂಡೆ ಎಡಗೈಗೇ ಇತ್ತು.

ಪುಸ್ತಕದ ಮಾತು ಸರಿಯಾಗಿಯೇ ಇತ್ತು... ಇಳಿದು ಬರುವವರಿಗೆ.

ಆದರೆ ಮುನ್ನುಡಿಯಲ್ಲಿ ಅಪ್ಪ ಬರೆದದ್ದೇನು? 'ಈ ಪುಸ್ತಕದ ಪ್ರತಿ ದಾರಿಯನ್ನೂ ನಾನೇ ಬುಡದಿಂದ ಹತ್ತಿ ನೋಡಿ ಬರೆದಿದ್ದೇನೆ.' ಊರಿಗೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದ ಮಾತು ಅದು. ಅವಳ ಮುಖ ಬಿಳಿಚಿಕೊಂಡಿತು.

"ಏನಾಯ್ತು?" ಅವನು ಹಿಂತಿರುಗಿ ಕೇಳಿದ.

"ಏನಿಲ್ಲ."

"ಏನಿಲ್ಲ ಅನ್ನೋರ ಮುಖ ಹೀಗಿರಲ್ಲ."

"ಬಿಸಿಲು. ನಡೀರಿ ಸುಮ್ನೆ!"

ಅವನು ಬಂಡೆಯ ಮೇಲಿದ್ದ ಅವಳ ಕೈಯನ್ನು ನೋಡಿದ. ಅವಳನ್ನು ನೋಡಿದ. ಆಮೇಲೆ ಬಸ್ಸಿಳಿಯುವವರೆಗೂ ಒಂದೂ ಮಾತಾಡಲಿಲ್ಲ. ಅಷ್ಟು ಹೊತ್ತಿನ ಜಗಳಕ್ಕಿಂತ ಆ ಮೌನ ಅವಳನ್ನು ಹೆಚ್ಚು ಚುಚ್ಚಿತು.

* * *

"ಜೀಪಲ್ಲಿ ಹೋದ್ರಾ ಅಪ್ಪ?"

ಭಾನುವಾರ ಬೆಳಗ್ಗೆ ಅಪ್ಪನ ಮುಂದೆ ಪುಸ್ತಕ ಇಟ್ಟು ಕೇಳಿದಳು. ಅಪ್ಪ ತಲೆ ತಗ್ಗಿಸಿದರು.

"ಮಂಡಿ ಮಡಚೋಕೇ ಆಗಲ್ಲ ಮಗಳೇ. ಗೆಳೆಯನ ಜೀಪಲ್ಲಿ ತುದಿಗೆ ಹೋಗಿ, ಕೂತೂ ಕೂತೂ ಇಳಿದೆ. ಇಳೀತಾ ಬರ್ಕೊಂಡಿದ್ದನ್ನ ಮನೇಲಿ ಕೂತು, ಹತ್ತೋರಿಗೆ ಅಂತ ತಿರುಗಿಸಿ ಬರೆದೆ. ಎಲ್ಲಾ ತಿರುಗಿಸಿದೆ... ಆ ಬಂಡೆ ಒಂದು ಹೇಗೋ ತಪ್ಪಿಹೋಯ್ತು."

"ನನಗ್ಯಾಕೆ ಹೇಳಲಿಲ್ಲ? ನಾನು ಹತ್ತಿ ಬರ್ತಿದ್ದೆನಲ್ಲ!"

"ನಿನ್ನ ಕಣ್ಣಲ್ಲಿ ನಾನು ಬೆಟ್ಟ ಹತ್ತೋ ಅಪ್ಪ ಆಗೇ ಇರಬೇಕು ಅನ್ನಿಸ್ತು." ಅಪ್ಪನ ಕಣ್ಣು ತುಂಬಿಬಂತು. "ಅಚ್ಚಿನ ತಪ್ಪು ಅಂದುಬಿಡು. ಈ ವಯಸ್ಸಲ್ಲಿ ಸುಳ್ಳುಗಾರ ಅನ್ನಿಸಬೇಡ."

ಅವಳಿಗೆ ಅಳು ಉಕ್ಕಿಬಂತು. ಒಂದೇ ಒಂದು ಸುಳ್ಳು. ಯಾರಿಗೆ ಗೊತ್ತಾಗುತ್ತದೆ?

"ಬೇರೆ ದಾರಿಗಳು, ಅಪ್ಪ? ಈ ಸಲ ಹೊಸದಾಗಿ ಸೇರಿಸಿದ್ದು ಮೂರಲ್ವಾ?"

ಅಪ್ಪ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು. ಉತ್ತರ ಅದರಲ್ಲೇ ಇತ್ತು. ಮೂರೂ ಇಳಿದೇ ಬರೆದದ್ದು. ಇನ್ನೆರಡು ಪುಟಗಳಲ್ಲಿ ಯಾವ ಬಂಡೆ, ಯಾವ ಮರ ತಿರುಗದೆ ಉಳಿದಿದೆಯೋ ಯಾರಿಗೆ ಗೊತ್ತು! ಪುಸ್ತಕ ಆಗಲೇ ಕೊಂಡವರು ಈ ಕ್ಷಣವೇ ಅಲ್ಲಿ ಹತ್ತುತ್ತಿರಬಹುದು.

ಮೇಜಿನ ಮೇಲಿದ್ದ ದೂರಿನ ಪ್ರತಿಯಲ್ಲಿ ವಿಳಾಸ ನೋಡಿಕೊಂಡು ಅವಳು ಚಪ್ಪಲಿ ಮೆಟ್ಟಿದಳು. "ನನ್ನಿಂದ ಸುಳ್ಳು ಹೇಳೋಕಾಗಲ್ಲ ಅಪ್ಪ. ಕ್ಷಮಿಸಿ."

* * *

ಅವನ ಮನೆ ಬಾಗಿಲಿಗೆ ಹನ್ನೊಂದು ಮೆಟ್ಟಿಲು. ಒಳಗೆ ಅವನ ಅಕ್ಕ ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಕಾದಂಬರಿ ಓದುತ್ತ ಕೂತಿದ್ದಳು. ಅವನು ಕಿಟಕಿಯ ಬಳಿ ಹಗ್ಗ ಸುತ್ತುತ್ತಿದ್ದ. ಅವಳು ಅಕ್ಕನ ಕ್ಷಮೆ ಕೇಳಿ, ನಿಂತಲ್ಲೇ ಎಲ್ಲ ಹೇಳಿದಳು. ಜೀಪು, ಮಂಡಿ, ಇನ್ನೆರಡು ದಾರಿ... ಒಂದನ್ನೂ ಮುಚ್ಚಿಡಲಿಲ್ಲ.

"ಗೊತ್ತಿತ್ತು," ಎಂದ ಅವನು.

"ಏನು?"

"ಬಂಡೆ ಮೇಲೆ ನಿಮ್ಮ ಕೈ ನೋಡಿದ ಕ್ಷಣವೇ ಗೊತ್ತಾಯ್ತು. ನೀವಾಗೇ ಹೇಳ್ತೀರಾ ಅಂತ ಕಾದೆ. ಬಿಸಿಲು ಅಂದ್ರಿ! ಇವತ್ತೂ ಬರದೇ ಇದ್ದಿದ್ರೆ?"

"ಬಂದೆನಲ್ಲ!" ಅವಳ ದನಿ ಮನೆಯೆಲ್ಲ ಕೇಳಿಸಿತು. "ಹೆತ್ತಪ್ಪನ ಮರ್ಯಾದೆ ತಂದು ನಿಮ್ಮ ಮುಂದೆ ಇಟ್ಟಿದೀನಿ. ಇನ್ನೇನು ಬೇಕ್ರೀ ನಿಮಗೆ?"

"ಲೋ," ಎಂದಳು ಅಕ್ಕ, ಪುಸ್ತಕ ಮಡಚಿ. "ಕಾಲು ಮುರಿದಿದ್ದು ನಂದು, ಕುಣೀತಿರೋದು ನೀನು! ಆ ಹುಡುಗೀನ ಕೂರೋಕಾದ್ರೂ ಹೇಳೋ."

ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದು. ಅವಳು ಕಿಟಕಿಯಿಂದ ಬಗ್ಗಿ ನೋಡಿದಳು. ಅಪ್ಪ! ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಾರೆ. ಮೂರಕ್ಕೆ ನಿಂತರು. ನಾಲ್ಕಕ್ಕೆ ಮತ್ತೆ ನಿಂತರು.

ಅವಳು ಓಡುವ ಮೊದಲೇ ಅವನು ಹಗ್ಗ ಎಸೆದು ಕೆಳಗಿಳಿದಿದ್ದ. ಮಾತಿಲ್ಲದೆ ಅಪ್ಪನ ಕೈಯೆತ್ತಿ ತನ್ನ ಹೆಗಲ ಮೇಲೆ ಹಾಕಿಕೊಂಡ. ಅವರ ವೇಗಕ್ಕೆ ತನ್ನ ಹೆಜ್ಜೆ ಹಾಕಿದ. ಅಪ್ಪ ನಿಂತಾಗ ನಿಂತ. ಅದನ್ನು ನೋಡುತ್ತ ಅವಳ ಎದೆಯಲ್ಲಿದ್ದ ಕೋಪ ಹೇಳದೆ ಕೇಳದೆ ಎದ್ದು ಹೊರಟುಹೋಯಿತು. ಅವಳಿಗೆ ಅದರ ಮೇಲೂ ಕೋಪ ಬಂತು!

ಅಪ್ಪ ಬಂದು ಅಕ್ಕನ ಮುಂದೆ ಕೈಮುಗಿದರು.

"ನಾನು ಹತ್ತಲಿಲ್ಲ ತಾಯಿ. ಇಳಿದೆ. ಹತ್ತಿದೆ ಅಂತ ಬರೆದೆ. ನಿನ್ನ ಕಾಲು ಮುರಿದೋನು ನಾನು."

ಅಕ್ಕ ಅವರ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿದಳು. "ನೋವಾಯ್ತು ಮೇಷ್ಟ್ರೇ. ಅಲ್ಲಿ ಬಿದ್ದಾಗ ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದಿದೀನಿ. ಲೆಕ್ಕ ಚುಕ್ತಾ. ಈಗ ಕೂತ್ಕೊಳ್ಳಿ, ಈ ಹನ್ನೊಂದಂತೂ ನೀವು ನಿಜವಾಗ್ಲೂ ಹತ್ತಿದೀರಿ."

ಅಪ್ಪ ನಕ್ಕರು, ಅತ್ತರು, ಎರಡೂ ಒಟ್ಟಿಗೆ ಆಯಿತು.

"ಆದ್ರೆ ದೂರು ಹಾಗೇ ಇರುತ್ತೆ," ಎಂದ ಅವನು ಒರಟಾಗಿ. "ಮುನ್ನುಡಿಯ ಆ ಸಾಲು ಹೋಗಬೇಕು. ಮೂರೂ ದಾರಿ ಬುಡದಿಂದ ಹತ್ತಿ ತಿದ್ದಬೇಕು. ಪುಟ ಅರವತ್ತೊಂದು ಹತ್ತಲಿ. ನಾನು ಜೊತೆಗಿರ್ತೀನಿ, ಮತ್ತೆ ಬಿಸಿಲು ಗಿಸಿಲು ಅಂತ ಕಥೆ ಹೇಳದ ಹಾಗೆ."

* * *

ಪ್ರಕಾಶಕರು ಮೂರು ವಾರ ಗಡುವು ಕೊಟ್ಟರು. ಬೆಟ್ಟಕ್ಕೊಂದು ವಾರ. ಮೊದಲ ಬೆಟ್ಟದಲ್ಲಿ ಹತ್ತು ಹೆಜ್ಜೆಯ ಅಂತರ ಐದಕ್ಕೆ ಇಳಿಯಿತು. ಎರಡನೆಯದರಲ್ಲಿ ಅವಳು ಅವನ ಬಾಟಲಿಯಿಂದ ನೀರು ಕುಡಿದಳು, ಬೈಯುತ್ತಲೇ.

ಮೂರನೆಯದು ಮತ್ತೆ ಅದೇ ಸೀಳುಬಂಡೆ. ಕೈಯಲ್ಲಿ ಪುಟಕ್ಕೆ ಅಂಟಿಸಬೇಕಾದ ತಿದ್ದುಪಡಿ ಚೀಟಿ. ಅವಳು ಜೋರಾಗಿ ಓದಿದಳು: "ಬಂಡೆಯನ್ನು ಬಲಗೈಗೆ ಬಿಟ್ಟು ಸಾಗಿ. ಸರೀನಾ? ಈಗಾದ್ರೂ ದೂರು ಹಿಂತಗೋತೀರಾ?"

ಅವನು ಅಂಗಿ ಜೇಬಿನಿಂದ ಮಡಚಿದ ಕಾಗದ ತೆಗೆದುಕೊಟ್ಟ. ಮಡಿಕೆಯೆಲ್ಲ ಸವೆದಿತ್ತು. ದೂರು ಹಿಂತೆಗೆದುಕೊಂಡ ಪತ್ರ. ತಾರೀಕು... ಆ ಭಾನುವಾರದ್ದು!

"ಮೂರು ವಾರ ಜೇಬಲ್ಲಿಟ್ಕೊಂಡು ತಿರುಗಿದ್ರಾ?" ಅವಳು ಕೂಗಿದಳು. "ನಮ್ಮಪ್ಪನ ಗತಿ ಏನು ಅಂತ ಯೋಚನೆ ಮಾಡಿದ್ರಾ?"

"ಅವರಿಗೆ ಆವತ್ತೇ ತೋರಿಸಿದೀನಿ. ಮೆಟ್ಟಿಲು ಇಳಿಸುವಾಗ."

"ಅದಕ್ಕೇ ಅಪ್ಪ ಅಷ್ಟು ನೆಮ್ಮದಿಯಾಗಿ ಗೊರಕೆ ಹೊಡೀತಿದ್ರಾ! ನಾನೊಬ್ಬಳೇ ಹುಚ್ಚಿ ಹಾಗೆ ಹೆದರಿ ಸಾಯ್ತಿದ್ದೆ..." ಪುಸ್ತಕದಿಂದಲೇ ಅವನ ತೋಳಿಗೆ ಬಾರಿಸಿದಳು. "ಯಾಕೆ? ಯಾಕ್ರೀ ಹೀಗೆ ಮಾಡಿದ್ರಿ?"

"ಕೊಟ್ಟಿದ್ರೆ ನೀವು ನನ್ನ ಜೊತೆ ಬೆಟ್ಟ ಹತ್ತುತ್ತಿದ್ರಾ?"

ಅವಳ ಕೈ ಅಲ್ಲೇ ನಿಂತಿತು.

"ತಪ್ಪೇ," ಎಂದ. "ನೀವು ಒಂದು ದಿನ ಮುಚ್ಚಿಟ್ಟಿದ್ದಕ್ಕೆ ಅಷ್ಟು ಕೂಗಾಡಿದೋನು ನಾನು. ಬೈಯಿರಿ. ಆದ್ರೆ ಹೆತ್ತಪ್ಪನ ವಿರುದ್ಧ ನಿಜ ಹೇಳೋಕೆ ನಡುಗ್ತಾ ನಮ್ಮನೆ ಬಾಗಿಲಲ್ಲಿ ನಿಂತಿದ್ರಲ್ಲ, ಆವತ್ತಿಂದ ನನಗೆ ನೀವಿಲ್ಲದ ದಾರಿ ಬೇಡವಾಗಿದೆ."

ಗಾಳಿ ಬೀಸಿತು. ಅವಳ ಕಣ್ಣು ತುಂಬಿತ್ತು, ಆದರೂ ಬಾಯಿ ಸುಮ್ಮನಿರಬೇಕಲ್ಲ! "ಇಂಥ ಕೆಟ್ಟ ಬಾಯಿಯೋರನ್ನ ನಾನು ಜನ್ಮದಲ್ಲೇ ನೋಡಿಲ್ಲ."

"ಬಂಡೆ ಯಾವ ಕೈಗೆ?" ಎಂದು ಕೇಳಿದ ಮೆಲ್ಲಗೆ.

"ಬಲಗೈಗೆ. ಈಗ ತಾನೇ ಓದಿದೆನಲ್ಲ!"

"ಮತ್ತೆ ಎಡಗೈ?"

"ಎಡಗೈಗೇನು? ಖಾಲಿ ಇದೆ."

"ಕೊಡು ಇಲ್ಲಿ."

ಕೊಡಿ ಅನ್ನಲಿಲ್ಲ, ಕೊಡು ಅಂದ. ಅವಳು ಮೂಗು ಒರೆಸಿಕೊಂಡು ಕೈ ಚಾಚಿದಳು.

"ಜಾರಿಸಿದ್ರೆ ನೋಡು!"

"ಜಾರಿಸಲ್ಲ, ಪುಟ ಅರವತ್ತೊಂದು."