ಮನೆ ಬಿಡಲು ಕಾರಣ

“ಅಲ್ಲೇ ನಿಲ್ಲಿ. ಒಳಗೆ ಕಾಲಿಡಬೇಡಿ.”

ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದು ಮೂರು ಮಹಡಿ ಹತ್ತಿ ಬಂದಿದ್ದ ಮನುಷ್ಯ ಗಕ್ಕನೆ ನಿಂತ. ಬಾಗಿಲ ಬುಡದಲ್ಲಿ ಒಬ್ಬಳು ಮಂಡಿಯೂರಿ ಕುಳಿತಿದ್ದಳು. ಕೈಯಲ್ಲಿ ಸ್ಕ್ರೂಡ್ರೈವರ್, ಸೊಂಟಕ್ಕೆ ಸಿಕ್ಕಿಸಿದ ದುಪಟ್ಟಾ, ಕೆನ್ನೆಯ ಮೇಲೆ ಒಂದಿಷ್ಟು ಗ್ರೀಸು.

“ಬಾಡಿಗೆಗೆ ಬಂದವನು ನಾನು. ಮನೆ ತೋರಿಸಿದ್ದು ಕೆಳಗಿನ ಮನೆ ಅಮ್ಮ. ಓನರ್ ಮೇಡಂ ಎಲ್ಲಿ?”

“ನಾನೇ. ಬೀಗ ಬದಲಾಯಿಸ್ತಾ ಇದೀನಿ, ಐದು ನಿಮಿಷ.”

“ಇದ್ದ ಬೀಗ ಚೆನ್ನಾಗೇ ಇತ್ತಲ್ಲ?”

“ಬೀಗ ಚೆನ್ನಾಗಿತ್ತು. ಅದರ ಕೀ ಎಷ್ಟು ಜನರ ಹತ್ರ ಇದೆ ಅಂತ ನನಗೆ ಗೊತ್ತಿಲ್ಲ. ಹಿಂದಿನವರ ತಮ್ಮ, ಕೆಲಸದವರು, ಪಕ್ಕದ ಮನೆ... ಯಾರಿಗೆ ಗೊತ್ತು? ಹೊಸಬರು ಬಂದ್ರೆ ಹೊಸ ಬೀಗ. ಇಲ್ಲಿ ಅದೇ ಪದ್ಧತಿ.”

ಅವನು ಪೆಟ್ಟಿಗೆ ಇಳಿಸಿ ಮೆಟ್ಟಿಲ ಮೇಲೆ ಕುಳಿತ. ಇಷ್ಟು ವರ್ಷ ಎಷ್ಟೋ ಬಾಡಿಗೆ ಮನೆ ನೋಡಿದ್ದ. ಒಬ್ಬ ಓನರೂ ಅವನಿಗಾಗಿ ಮಂಡಿ ಊರಿದ್ದಿಲ್ಲ.

ಬೀಗ ಕೂತಿತು. ಅವಳು ಎರಡು ಕೀ ಅವನ ಕೈಗಿಟ್ಟಳು. ಮೂರನೆಯದನ್ನು ಒಂದು ಲಕೋಟೆಗೆ ಹಾಕಿ ಅಂಟಿಸಿ, ಅವನ ಮುಂದೆ ಹಿಡಿದಳು.

“ಅಂಟಿಸಿದ ಜಾಗದ ಮೇಲೆ ಅಡ್ಡಡ್ಡ ಸಹಿ ಮಾಡಿ. ಪಕ್ಕದಲ್ಲಿ ನಾನೂ ಮಾಡ್ತೀನಿ. ಇದು ನನ್ನ ಬೀರುವಿನಲ್ಲಿರುತ್ತೆ. ಬೆಂಕಿ, ನೀರು, ಗ್ಯಾಸು, ಈ ಮೂರು ಬಿಟ್ಟು ಬೇರೆ ಯಾವುದಕ್ಕೂ ತೆರೆಯಲ್ಲ. ಅನುಮಾನ ಬಂದ್ರೆ ಯಾವಾಗ ಬೇಕಾದ್ರೂ ಬಂದು ನೋಡಿ.”

ಅವನು ಸಹಿ ಮಾಡಿ ಕೊಟ್ಟು ತಲೆಯೆತ್ತಿದ. ಅವಳು ಲಕೋಟೆಯನ್ನು ತೋಳಿನುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ ಅವನ ಸಹಿ ಓದುತ್ತಿದ್ದಳು.

“ಮೇಡಂ, ನಿಮಗೆ ಕನ್ನಡಕ ಬೇಕು. ನಂದು ಕನ್ನಡಕದ ಅಂಗಡಿನೇ. ನಾಳೆ ಬನ್ನಿ, ನಾನೇ ಒಂದು ಮಾಡಿಕೊಡ್ತೀನಿ.”

“ಬಾಡಿಗೆದಾರರಿಂದ ನಾನು ಏನೂ ತಗೊಳ್ಳಲ್ಲ” ಎಂದಳು ಅವಳು. ದನಿ ಗಡುಸಾಗಿತ್ತು. ಆದರೆ ಮೆಟ್ಟಿಲಿಳಿಯುವಾಗ ಕೈ ತಾನಾಗಿ ಕೆನ್ನೆಯ ಗ್ರೀಸು ಒರೆಸಿಕೊಂಡಿತು.

ಅಯ್ಯೋ... ಅವನು ಇಷ್ಟು ಹೊತ್ತೂ ಇದನ್ನು ನೋಡ್ತಿದ್ನಾ?

*

ನಾಲ್ಕು ಮನೆಗಳ ಆ ಕಟ್ಟಡ ಏಳು ವರ್ಷದ ಹಿಂದೆ ಅವಳಿಗೆ ಅಪ್ಪನಿಂದ ಬಂದದ್ದು. ನೆಲಮಹಡಿಯಲ್ಲಿ ಅವಳೂ ಅವಳ ಸೋದರತ್ತೆಯೂ. ಅದರ ಮೇಲೊಬ್ಬರು ನಿವೃತ್ತ ಮೇಷ್ಟ್ರು, ಅವರ ಮೇಲೆ ಟೈಲರಮ್ಮನ ಕುಟುಂಬ. ಎಲ್ಲಕ್ಕಿಂತ ಮೇಲಿನ ಮನೆ ಈಗ ಕನ್ನಡಕದವರದು. ಬಾಡಿಗೆದಾರರು ಬೆನ್ನ ಹಿಂದೆ ಅವಳನ್ನು ಕರೆಯುತ್ತಿದ್ದದ್ದು ‘ಪಟ್ಟಿ ಮೇಡಂ’ ಎಂದು.

ಕರೆಯದೆ ಏನು ಮಾಡುತ್ತಾರೆ? ಪ್ರತಿ ಸೋಮವಾರ ಕೈಯಲ್ಲೊಂದು ಪಟ್ಟಿ ಹಿಡಿದು ಮೆಟ್ಟಿಲ ಕಂಬಿಯನ್ನು ಕೆಳಗಿನಿಂದ ಮೇಲಿನವರೆಗೆ ಅಲ್ಲಾಡಿಸಿ ನೋಡುವಳು. ಒಂದು ಬಲ್ಬು ಹೋದರೆ ಕತ್ತಲಾಗುವುದರೊಳಗೆ ಹೊಸದು. ಮೂರು ತಿಂಗಳಿಗೊಮ್ಮೆ ಎಲ್ಲರ ಮನೆಯ ಸ್ವಿಚ್ಚು, ಗೀಸರು, ಗ್ಯಾಸಿನ ಪೈಪು ಪರೀಕ್ಷೆ. ಅದಕ್ಕೂ ಹಿಂದಿನ ದಿನವೇ ಬಾಗಿಲಿಗೆ ಚೀಟಿ: ‘ನಾಳೆ ಹತ್ತು ಗಂಟೆಗೆ ಬರಬಹುದೇ?’ ಬಂದ ಮೇಲೂ ಬಾಗಿಲು ತಟ್ಟಿ, ಮೂರು ಹೆಜ್ಜೆ ಹಿಂದೆ ಸರಿದು ನಿಲ್ಲುವಳು.

“ನಿನ್ನದೇ ಮನೆಗೆ ನೀನೇ ಅಪ್ಪಣೆ ಕೇಳ್ತೀಯಲ್ಲೇ” ಎಂದು ಅತ್ತೆ ಛೇಡಿಸುವರು.

“ಗೋಡೆ ನಂದು ಅತ್ತೆ. ಮನೆ ಅವರದ್ದು.”

ಈ ಮಾತಿನ ಹಿಂದೆ ಒಂದು ಹಳೆಯ ಗಾಯವಿತ್ತು. ಹತ್ತು ವರ್ಷದ ಹಿಂದೆ, ಮೊದಲ ಕೆಲಸಕ್ಕೆಂದು ಬೇರೆ ಊರಿಗೆ ಹೋದಾಗ ಅವಳೂ ಒಂದು ಕೋಣೆಯಲ್ಲಿ ಬಾಡಿಗೆಗಿದ್ದಳು. ಒಂದು ಸಂಜೆ ಬಾಗಿಲು ತೆರೆದರೆ ಒಳಗೆ ಅವಳ ಕುರ್ಚಿಯಲ್ಲಿ ಆ ಮನೆಯ ಓನರ್ ಕುಳಿತಿದ್ದ. ಅವಳ ಪುಸ್ತಕ ತಿರುವಿಹಾಕುತ್ತಿದ್ದ. “ನನ್ನ ಮನೆ, ನನ್ನ ಕೀ. ಅದಕ್ಕೇನೀಗ?” ಎಂದು ನಕ್ಕಿದ್ದ. ಆ ರಾತ್ರಿಯೇ ಅವಳು ಅಲ್ಲಿಂದ ಹೊರಟುಬಂದಳು. ಆ ನಗು ಮಾತ್ರ ಇವತ್ತಿಗೂ ಕಿವಿ ಬಿಟ್ಟು ಹೋಗಿಲ್ಲ.

ಲಕೋಟೆ ಹುಟ್ಟಿದ್ದು ಅಲ್ಲಿಂದ.

ಕನ್ನಡಕದವನು ಮಾತ್ರ ಅವಳು ಪರೀಕ್ಷೆಗೆ ಬರುವ ದಿನ ಅಂಗಡಿಯನ್ನು ಒಂದು ಗಂಟೆ ತಡವಾಗಿ ತೆರೆಯುತ್ತಿದ್ದ. ಅವಳಿಗೊಂದು ಕುರ್ಚಿ ಒರೆಸಿ ಇಡುತ್ತಿದ್ದ, ಅವಳು ಕೂರುತ್ತಿರಲಿಲ್ಲ. ಟೀ ಮಾಡುತ್ತಿದ್ದ, ಕುಡಿಯುತ್ತಿರಲಿಲ್ಲ. ಅವನಿಗೆ ಬೇಸರವಿಲ್ಲ. ಅವಳು ಸ್ವಿಚ್ಚಿನ ಬಳಿ ಮೂಗಿಟ್ಟು ಸುಟ್ಟ ವಾಸನೆ ಇದೆಯೇ ಎಂದು ನೋಡುವುದನ್ನು ಶ್ರದ್ಧೆಯಿಂದ ನೋಡುತ್ತಿದ್ದ.

“ಇಷ್ಟು ಕಾಳಜಿ ಎಲ್ಲಿ ಕಲಿತ್ರಿ?” ಒಮ್ಮೆ ಕೇಳಿದ.

“ಮೇಲೆ ಮಲಗಿದವರು ನೆಮ್ಮದಿಯಾಗಿ ನಿದ್ದೆ ಮಾಡಿದ್ರೆ ತಾನೆ ಕೆಳಗೆ ನನಗೆ ನಿದ್ದೆ ಬರೋದು?”

ಅವಳೂ ನೋಡದೆ ಇರಲಿಲ್ಲ. ಪೇಟೆಗೆ ಹೋದಾಗಲೆಲ್ಲ ಅವನ ಅಂಗಡಿಯ ಮುಂದೆ ಅವಳ ನಡಿಗೆ ನಿಧಾನವಾಗುತ್ತಿತ್ತು. ಒಳಗೆ ಒಬ್ಬ ಅಜ್ಜಿಗೆ ಗಾಜಿನ ಮೇಲೆ ಗಾಜು ಬದಲಿಸುತ್ತಾ, “ಈಗ ಸ್ಪಷ್ಟನಾ ಅಜ್ಜಿ? ಇದು? ಹಿಂದಿನದಾ?” ಎಂದು ಹದಿನೈದು ಸಲವಾದರೂ ಅದೇ ಸಮಾಧಾನದಲ್ಲಿ ಕೇಳುತ್ತಿದ್ದ.

ಇಂಥವನ ಜೊತೆ ಬಾಳುವವಳು ಪುಣ್ಯವಂತೆ... ಅನ್ನಿಸುತ್ತಿತ್ತು ಅವಳಿಗೆ. ಥೂ, ನನಗ್ಯಾಕೆ ಆ ಉಸಾಬರಿ?

ಅತ್ತೆಯ ಕಣ್ಣಿಗೆ ಕನ್ನಡಕ ಬೇಕಿರಲಿಲ್ಲ.

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಮನೆ ಸಂಭಾಳಿಸೋದು ಕಲಿತೆ. ಇನ್ನೊಂದು ಯಾವಾಗ? ಮೇಲಿನ ಮನೆಯವನನ್ನ ಕೇಳ್ಲಾ?”

“ಬೇಡ ಅತ್ತೆ! ನಾನು ಓನರ್. ನಾವು ಕೇಳಿದ್ರೆ ಇಲ್ಲ ಅನ್ನೋಕೆ ಅವರಿಗೆ ಕಷ್ಟ. ಇಲ್ಲ ಅಂದ್ರೆ ಈ ಮನೇಲಿ ಇರೋದು ಇನ್ನೂ ಕಷ್ಟ. ಒಬ್ಬರ ಸೂರು ನಮ್ಮ ಕೈಲಿದ್ದಾಗ ಮನಸ್ಸು ಕೇಳಬಾರದು.”

ಅತ್ತೆ ಬಾಯಿಗೆ ಬೀಗ ಹಾಕಿಕೊಂಡರು. ಆ ಬೀಗ ಎಷ್ಟು ದಿನ ಇರುತ್ತದೆ ಎಂಬುದು ಬೇರೆ ಮಾತು.

*

ಏಳನೇ ತಿಂಗಳ ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಟೈಲರಮ್ಮ ಓಡುತ್ತಾ ಕೆಳಗೆ ಬಂದಳು. “ಮೇಡಂ, ಮೇಲಿನ ಮೆಟ್ಟಿಲ ಹತ್ರ ಗ್ಯಾಸ್ ವಾಸನೆ!”

ಅವಳು ಕನ್ನಡಕದವನಿಗೆ ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಮತ್ತೆ ಮಾಡಿದಳು. ಕಣ್ಣು ಪರೀಕ್ಷೆಯ ಕತ್ತಲ ಕೋಣೆಗೆ ಹೋದರೆ ಅವನು ಫೋನು ಹೊರಗಿಡುತ್ತಾನೆಂದು ಅವಳಿಗೆ ಗೊತ್ತಿತ್ತು.

ಬೀರುವಿನಿಂದ ಲಕೋಟೆ ತೆಗೆದಳು. ಎರಡು ಸಹಿಗಳು ಅವಳನ್ನೇ ನೋಡುತ್ತಿದ್ದವು. ಏಳು ವರ್ಷದಲ್ಲಿ ಒಂದು ಲಕೋಟೆಯನ್ನೂ ಅವಳು ಹರಿದಿರಲಿಲ್ಲ.

“ಅತ್ತೆ, ನೀವು ಸಾಕ್ಷಿ. ಎಲ್ಲರನ್ನೂ ಹೊರಗೆ ಕರ್ಕೊಂಡು ಹೋಗಿ. ಯಾರೂ ಸ್ವಿಚ್ ಮುಟ್ಟಬಾರದು.” ಹರಿದೇಬಿಟ್ಟಳು.

ಬಾಗಿಲು ತೆರೆದಾಗ ವಾಸನೆ ಮುಖಕ್ಕೆ ರಾಚಿತು. ಉಸಿರು ಬಿಗಿಹಿಡಿದು ನೇರ ಅಡುಗೆಮನೆಗೆ ಹೋಗಿ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿದಳು. ಕಿಟಕಿಗಳನ್ನು ತೆರೆದಳು. ಸಿಲಿಂಡರಿನ ಹಳೆಯ ಪೈಪು ಬಿರಿದಿತ್ತು. ಅವನು ಬಂದ ವಾರವೇ ಅವಳು ಕೊಟ್ಟು, ಪರೀಕ್ಷೆಗೆ ಬಂದಾಗಲೆಲ್ಲ ನೆನಪಿಸಿದ್ದ ಹೊಸ ಪೈಪು ಪೊಟ್ಟಣ ಬಿಚ್ಚದೆ ಗೂಡಿನಲ್ಲಿ ಕುಳಿತಿತ್ತು. ‘ಭಾನುವಾರ ಹಾಕಿಸ್ತೀನಿ ಮೇಡಂ’ ಎಂದಿದ್ದ ಪುಣ್ಯಾತ್ಮ. ಎಷ್ಟು ಭಾನುವಾರಗಳು ಹೋದವೋ!

ಹೊರಡುವಾಗ ಒಂದು ಚೀಟಿ ಬರೆದಿಟ್ಟಳು. ‘ಹನ್ನೊಂದೂ ಹತ್ತಕ್ಕೆ ಒಳಗೆ ಬಂದೆ. ಗ್ಯಾಸು ಸೋರಿತ್ತು. ಅಡುಗೆಮನೆ ಮತ್ತು ಕಿಟಕಿಗಳನ್ನು ಬಿಟ್ಟು ಬೇರೇನೂ ಮುಟ್ಟಿಲ್ಲ. ಹನ್ನೊಂದೂ ಇಪ್ಪತ್ತೈದಕ್ಕೆ ಹೊರಗೆ ಹೋದೆ. ಕ್ಷಮಿಸಿ.’

ಮಧ್ಯಾಹ್ನ ಅವನು ಓಡಿಬಂದ. ಚೀಟಿ ಓದಿ ಕೆಳಗಿಳಿದು ಬಂದಾಗ ಮುಖ ಬಿಳಿಚಿಕೊಂಡಿತ್ತು. ಅವಳು ಹರಿದ ಲಕೋಟೆಯನ್ನೂ ಕೀಯನ್ನೂ ಎರಡು ಕೈಯಲ್ಲಿ ಹಿಡಿದು ಕೊಟ್ಟಳು.

“ಸರಿ ಮೇಡಂ” ಎಂದಷ್ಟೇ ಹೇಳಿ ಮೇಲೆ ಹೋದ.

ಮೂರು ದಿನ ಬಿಟ್ಟು ಅವಳ ಬಾಗಿಲ ಕೆಳಗೆ ಒಂದು ಪತ್ರ ಬಂತು. ‘ಒಂದು ತಿಂಗಳಲ್ಲಿ ಮನೆ ಖಾಲಿ ಮಾಡುತ್ತೇನೆ.’

ಅವಳು ಅದನ್ನು ಎರಡೆರಡು ಸಲ ಓದಿದಳು.

ನನ್ನ ಮನೆ, ನನ್ನ ಕೀ... ಅವನ ಕಣ್ಣಿಗೆ ನಾನೂ ಹಾಗೇ ಕಂಡೆನಾ? ಅವನ ಕುರ್ಚಿ ಮುಟ್ಟಲಿಲ್ಲ, ಒಂದು ಕಾಗದ ನೋಡಲಿಲ್ಲ. ಅದನ್ನು ಅವನಿಗೆ ಹೇಗೆ ನಂಬಿಸಲಿ?

“ಹೋಗಿ ಕೇಳೇ, ಯಾಕೆ ಹೋಗ್ತಿದೀರಾ ಅಂತ” ಎಂದರು ಅತ್ತೆ.

“ಕೇಳೋ ಹಕ್ಕು ನನಗಿಲ್ಲ. ಬಿಡೋದು ಅವರ ಇಷ್ಟ.” ಅಷ್ಟು ಹೇಳಿ ಸ್ನಾನದ ಮನೆಗೆ ಹೋದಳು. ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು. ಅತ್ತೆಗೆ ನಲ್ಲಿಯ ಸದ್ದಿನೊಳಗಿನ ಸದ್ದೂ ಕೇಳಿಸಿತು.

*

ಕೊನೆಯ ದಿನ ಬಂತು. ಸಾಮಾನೆಲ್ಲ ಹೋಗಿ ಮನೆ ಬರಿದಾಗಿತ್ತು. ಅವಳು ಮೊದಲ ದಿನ ತೆಗೆದ ಫೋಟೋಗಳನ್ನೂ ಪಟ್ಟಿಯನ್ನೂ ಹಿಡಿದು ಬಂದಳು. ಬಾಗಿಲು ತಟ್ಟಿ ಮೂರು ಹೆಜ್ಜೆ ಹಿಂದೆ ನಿಂತಳು. ಬಾಗಿಲು ತೆರೆದೇ ಇತ್ತು.

“ಬನ್ನಿ ಮೇಡಂ.”

ಕೋಣೆ ಕೋಣೆ ನಡೆದರು. ಗೋಡೆ ಸರಿ. ಕಿಟಕಿ ಸರಿ. ನಲ್ಲಿ ಸರಿ. ಪ್ರತಿ ‘ಸರಿ’ಗೂ ಅವಳು ಪಟ್ಟಿಯಲ್ಲಿ ಒಂದೊಂದು ಗೆರೆ ಎಳೆಯುತ್ತಿದ್ದಳು. ಅಡುಗೆಮನೆಯ ಗೂಡಿನಲ್ಲಿ ಇನ್ನೊಂದು ಹೊಸ ಪೈಪು ಇತ್ತು. ಪೊಟ್ಟಣದ ಮೇಲೆ ಅವನ ಅಕ್ಷರದಲ್ಲಿ: ‘ಮುಂದೆ ಬರುವವರೇ, ಇದನ್ನು ಭಾನುವಾರದವರೆಗೆ ಇಡಬೇಡಿ. ಇವತ್ತೇ ಹಾಕಿ.’

ಅವಳಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿದಳು.

“ಪಟ್ಟಿಯಲ್ಲಿ ಒಂದು ಸಾಲು ಖಾಲಿ ಇದೆ” ಎಂದಳು ತಲೆ ತಗ್ಗಿಸಿ. “ಮನೆ ಬಿಡಲು ಕಾರಣ. ಎಲ್ಲರನ್ನೂ ಕೇಳ್ತೀನಿ. ಬರೆಯಲೇಬೇಕು ಅಂತೇನಿಲ್ಲ.”

“ಬರೀತೀನಿ. ಅದಕ್ಕೆ ಮುಂಚೆ ಕೀ ತಗೊಳ್ಳಿ. ಮೂರೂ ಇದೆ. ಸಹಿ ಮಾಡಿ.”

ಅವಳು ಸಹಿ ಮಾಡಿದಳು.

“ಈಗ ನಾನು ನಿಮ್ಮ ಬಾಡಿಗೆದಾರ ಅಲ್ಲ ತಾನೆ?”

“...ಅಲ್ಲ.”

“ನೀವು ನನ್ನ ಓನರ್ ಅಲ್ಲ ತಾನೆ?”

“ಅಲ್ಲ.”

ಅವನು ದೊಡ್ಡದಾಗಿ ಉಸಿರು ಬಿಟ್ಟು, ಪೆನ್ನು ತೆಗೆದುಕೊಂಡು ಬರೆದು, ಪಟ್ಟಿಯನ್ನು ಅವಳ ಕಡೆ ತಿರುಗಿಸಿದ. ಅವಳು ತೋಳಿನುದ್ದ ದೂರ ಹಿಡಿದು ಓದಿದಳು.

‘ನನ್ನನ್ನು ಮದುವೆಯಾಗ್ತೀರಾ ಎಂದು ಓನರನ್ನು ಕೇಳಲು.’

ಅವಳು ಪಟ್ಟಿಯನ್ನು ಎದೆಗೊತ್ತಿಕೊಂಡಳು.

“ಮತ್ತೆ... ಆವತ್ತು ‘ಸರಿ’ ಅಂದು ಹೋಗಿದ್ದು?”

“ನಾಚಿಕೆಯಿಂದ. ನನ್ನ ಸೋಮಾರಿತನದಿಂದ ಮೇಷ್ಟ್ರು, ಟೈಲರಮ್ಮನ ಮಕ್ಕಳು, ನೀವು... ಯಾರಿಗೆ ಏನಾಗ್ತಿತ್ತೋ. ಅದರ ಮೇಲೆ ನೀವು ಕ್ಷಮಿಸಿ ಅಂತ ಬರೆದಿದ್ರಿ! ಕ್ಷಮೆ ಕೇಳ್ಬೇಕಾದವನು ನಾನು. ಮಾತೇ ಬರಲಿಲ್ಲ. ಮಾರನೇ ದಿನ ನಿಮ್ಮ ಅತ್ತೆ ಅಂಗಡಿಗೆ ಬಂದ್ರು. ಆ ಕುರ್ಚಿಯವನ ವಿಷಯ ಹೇಳಿದ್ರು.”

“ಅತ್ತೆ ಇನ್ನೇನು ಹೇಳಿದ್ರು?” ಅವಳ ದನಿ ಬಿಗಿಯಾಯಿತು.

“ಬಾಡಿಗೆದಾರರ ಮನೇಲಿ ನೀವು ಟೀ ಕೂಡ ಕುಡಿಯಲ್ಲ, ಯಾಕೆ ಅಂತ. ಅಷ್ಟೇ. ಅದರಿಂದ ನನಗೆ ಗೊತ್ತಾಯ್ತು, ಈ ಮನೇಲಿದ್ಕೊಂಡು ನಿಮ್ಮನ್ನ ಕೇಳೋದು ನ್ಯಾಯ ಅಲ್ಲ ಅಂತ. ಎರಡು ಬೀದಿ ಆಚೆ ಮನೆ ಹಿಡಿದಿದ್ದೀನಿ. ನೀವು ಬೇಡ ಅಂದ್ರೂ ನನಗೆ ಸೂರಿದೆ. ನಿಮಗೆ ದಿನಾ ಮುಖ ನೋಡೋ ಮುಜುಗರ ಇಲ್ಲ.” ಅವನ ದನಿ ತಗ್ಗಿತು. “ಯಾರ ಮನೆಗೇ ಆಗ್ಲಿ ಮೂರು ಹೆಜ್ಜೆ ಹಿಂದೆ ನಿಲ್ಲೋ ನಿಮ್ಮನ್ನ ನೋಡಿ ಏಳು ತಿಂಗಳಿಂದ ತಲೆಬಾಗಿದ್ದೀನಿ. ಇನ್ಮೇಲೆ ಜೊತೇಲಿ ನಿಲ್ಲೋ ಆಸೆ.”

ಹತ್ತು ವರ್ಷದಿಂದ ಕಿವಿಯಲ್ಲಿದ್ದ ಆ ಕೆಟ್ಟ ನಗು ಅವಳಿಗೆ ಆ ಕ್ಷಣ ಕೇಳಿಸಲಿಲ್ಲ.

ಅವನು ಜೇಬಿನಿಂದ ಒಂದು ಲಕೋಟೆ ತೆಗೆದು ಕೊಟ್ಟ. ಒಳಗೆ ಕೀ. ಅಂಟಿಸಿದ ಜಾಗದ ಮೇಲೆ ಅಡ್ಡಡ್ಡ ಅವನ ಸಹಿ. ಪಕ್ಕದ ಜಾಗ ಖಾಲಿ.

“ನನ್ನ ಹೊಸ ಮನೇದು. ಇದನ್ನ ತೆರೆಯೋಕೆ ಬೆಂಕಿ, ನೀರು, ಗ್ಯಾಸು ಯಾವುದೂ ಬೇಕಾಗಿಲ್ಲ.”

ಅವಳು ಪೆನ್ನು ಹಿಡಿದಳು. ಕಣ್ಣು ಕಿರಿದು ಮಾಡಿದಳು.

“ಎಲ್ಲಿ ಸಹಿ ಮಾಡಲಿ? ಕಾಣಿಸ್ತಾನೇ ಇಲ್ಲ.”

“ಕನ್ನಡಕ ಬೇಕು ಅಂತ ಆವತ್ತೇ ಹೇಳಿದ್ದೆ.”

“ಕಣ್ಣಲ್ಲಿ ನೀರು ಕಣ್ರೀ. ಅದಕ್ಕೂ ಕನ್ನಡಕ ಇದೆಯಾ ನಿಮ್ಮ ಅಂಗಡೀಲಿ?”

ಅವನು ಬೆರಳಿಟ್ಟು ಜಾಗ ತೋರಿಸಿದ. ಅವಳು ಅವನ ಹೆಸರಿಗೆ ತಾಗುವಂತೆ ತನ್ನ ಹೆಸರು ಬರೆದಳು. ಆಮೇಲೆ ಏನೋ ನೆನಪಾಗಿ ತಟ್ಟನೆ ತಲೆಯೆತ್ತಿದಳು.

“ಆ ಮನೆ ಬೀಗ ಬದಲಾಯಿಸಿದ್ರಾ?”

“ಇಲ್ಲ... ಆ ಓನರ್ ಬದಲಾಯಿಸಿಲ್ಲ.”

“ನೀವು?”

“ಭಾನುವಾರ ಮಾಡೋಣ ಅಂತ...”

ಅವಳು ಕಣ್ಣೊರೆಸಿಕೊಂಡು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿದಳು.

“ನಡೀರಿ. ಕೆಳಗೆ ಸ್ಕ್ರೂಡ್ರೈವರ್ ಇದೆ. ದಾರೀಲಿ ಬೀಗ ತಗೊಳ್ಳೋಣ.”

“ಮೇಡಂ, ಒಂದು ನಿಮಿಷ. ಇದು ಒಪ್ಪಿಗೆನಾ?”

ಎರಡು ಮೆಟ್ಟಿಲಿಳಿದವಳು ತಿರುಗಿ ನೋಡಿದಳು.

“ನಮ್ಮನೆ ಬೀಗ ನಾನಲ್ಲದೆ ಇನ್ಯಾರು ಹಾಕ್ತಾರೆ?”