ಸೆಗಣಿ ಬಣ್ಣದ ಬೋಟು

“ಜೋರ ತಿರುವು! ಇನ್ನೂ ಜೋರ!”

ಸುಶ್ಮಿತಾ ಕುಣಿಯುತ್ತ ಕೂಗುತ್ತಿದ್ದಳು. ಅವಳ ಗೆಳತಿ ಅಫ್ಸಾನಾ ಎರಡೂ ಕೈಯಲ್ಲಿ ಕೋಲು ಹಿಡಿದು ಬಕೀಟಿನೊಳಗೆ ಗರಗರ ತಿರುವುತ್ತಿದ್ದಳು. ಬಕೀಟಿನಲ್ಲಿದ್ದದ್ದು ಸಾರಲ್ಲ, ಪಾಯಸವೂ ಅಲ್ಲ. ಬಣ್ಣ! ಶುಭದಾ ಟೀಚರ್ ಮನೆಯ ಗೇಟಿಗೆ ಹಚ್ಚಿ ಉಳಿದ ಹಸಿರು, ಪಕ್ಕದ ಮನೆ ಜಯಂತ ಸರ್ ಅವರ ಕಿಟಕಿಯ ನೀಲಿ, ಕಟಿಂಗ್ ಶಾಪಿನ ಗುಲಾಬಿ, ಸುಶ್ಮಿತಾಳ ಮನೆಯ ಬಾಗಿಲಿನ ಹಳದಿ, ಯಾರದೋ ಟ್ರ್ಯಾಕ್ಟರಿನ ಕೆಂಪು. ಓಣಿಯೆಲ್ಲ ತಿರುಗಿ ಕೇಳಿ ತಂದ ಡಬ್ಬಿಗಳು ಅವು. ಈಗ ಎಲ್ಲವೂ ಒಂದೇ ಬಕೀಟಿಗೆ ಬಿದ್ದಿದ್ದವು.

“ಬೆಳ್ಳಗಾತೇನು?” ಸುಶ್ಮಿತಾ ಬಗ್ಗಿ ನೋಡಿದಳು.

“ಎಲ್ಲಿ ಬೆಳ್ಳಗ? ನನ್ನ ಕೈ ಬಿದ್ದು ಹೋಗಾಕತ್ತಾವು.”

“ಆಗಾಕ ಬೇಕು! ಶುಭದಾ ಟೀಚರ್ ಕ್ಲಾಸಿನ್ಯಾಗ ಆ ಬಣ್ಣದ ಚಕ್ರ ತಿರುವಿ ತೋರಿಸಿಲ್ಲೇನು? ಏಳೂ ಬಣ್ಣ ಕೂಡಿ ಬಿಳಿ ಆತಿಲ್ಲೋ? ನೀ ಸಾವಕಾಶ ತಿರುವಾಕತ್ತೀ, ಅದಕ್ಕ ಆಗವಲ್ದು. ಕೊಡಿಲ್ಲೆ!”

ಸುಶ್ಮಿತಾ ಕೋಲು ಕಸಿದುಕೊಂಡು ತಿರುವಿದಳು. ಬಣ್ಣ ಮೊದಲು ಬದನೆಕಾಯಿಯಂತಾಯಿತು. ಆಮೇಲೆ ಕೆಸರಿನಂತಾಯಿತು. ಆಮೇಲೆ ಎಷ್ಟು ತಿರುವಿದರೂ ಮುಂದಕ್ಕೆ ಹೋಗಲೇ ಇಲ್ಲ.

ಅಫ್ಸಾನಾ ಬಕೀಟಿಗೆ ಮೂಗು ಹಚ್ಚಿ ನೋಡಿದಳು. “ಸುಶ್ಮಿ, ಇದು ಸೆಗಣಿ.”

“ಸೆಗಣಿ ಅಲ್ಲ, ಪೇಂಟ್.”

“ಪೇಂಟ್ ಖರೆ. ಆದ್ರ ಸೆಗಣಿ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನಗು ಉಕ್ಕಿ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕರು, ನೆಲದ ಮೇಲೆ ಕೂತು ನಕ್ಕರು. ಆಮೇಲೆ ಇಬ್ಬರ ನಗುವೂ ಒಮ್ಮೆಲೇ ನಿಂತಿತು. ಡಬ್ಬಿಗಳೆಲ್ಲ ಖಾಲಿಯಾಗಿದ್ದವು. ಬೋಟಿಗೆ ಹಚ್ಚಲು ಬೇರೆ ಬಣ್ಣವೇ ಇರಲಿಲ್ಲ.

ಬೋಟು ಅಲ್ಲೇ, ಸುಶ್ಮಿತಾಳ ಮನೆಯಿದ್ದ ವಿದ್ಯಾಗಿರಿಯ ಕೆಳಗಿನ ಹಿನ್ನೀರಿನ ದಂಡೆಯ ಮೇಲೆ ಇತ್ತು. ಅದು ಅಫ್ಸಾನಾಳ ಅಪ್ಪ ಹುಸೇನಪೀರನದು. ಅವರ ಊರು ನೀರಿನ ಆಚೆಗೆ. ಮೊದಲು ಅಫ್ಸಾನಾ ಬೋಟಿನಲ್ಲಿ ಕೂತು ಒಂದು ಪೇರಲ ಹಣ್ಣು ತಿಂದು ಮುಗಿಸುವಷ್ಟರಲ್ಲಿ ಶಾಲೆಯ ದಂಡೆಗೆ ಬರುತ್ತಿದ್ದಳು. ಇಂಜಿನ್ ಕೆಟ್ಟು, ತಗಡು ತೂತು ಬಿದ್ದು, ಬೋಟು ದಂಡೆಯ ಮೇಲೆ ಮಗುಚಿ ಮಲಗಿತು. ಅದರ ಕೆಳಗೆ ನಾಯಿ ಮರಿ ಹಾಕಿತು. ಅಫ್ಸಾನಾ ಸುತ್ತು ಹಾಕಿ ಬಸ್ಸು ಬದಲಾಯಿಸಿ ಬರತೊಡಗಿದಳು. ಪ್ರಾರ್ಥನೆ ಮುಗಿದ ಮೇಲೆ ಬಂದು ಸುಶ್ಮಿತಾಳ ಪಕ್ಕದಲ್ಲಿ ಕೂತು ಆಕಳಿಸುತ್ತಿದ್ದಳು.

ಹೀಗಾಗಿ ಮನೆಯಲ್ಲಿ ಮಾತಾಗಿತ್ತು. ದಸರಾ ರಜೆ ಮುಗಿದ ಮೇಲೆ ಅಫ್ಸಾನಾ ಕೆರೂರಿನ ಅತ್ತೆಯ ಮನೆಯಲ್ಲಿದ್ದು ಅಲ್ಲಿಯ ಶಾಲೆಗೆ ಹೋಗಬೇಕು. ಬೋಟು ಮತ್ತೆ ನಡೆದರೆ ಮಾತ್ರ ಇಲ್ಲೇ.

ಆ ಮಾತು ಕೇಳಿದ ದಿನ ಸುಶ್ಮಿತಾ ಊಟ ಮಾಡಿರಲಿಲ್ಲ. ಒಂದನೇ ಇಯತ್ತೆಯಿಂದ ಒಂದೇ ಬೆಂಚು ಅವರಿಬ್ಬರದು. ಅಫ್ಸಾನಾ ಇಲ್ಲದ ಬೆಂಚಿನಲ್ಲಿ ಕೂತು ಏನು ಮಾಡುವುದು, ಗೋಡೆ ನೋಡುವುದೇ?

ಹುಸೇನಪೀರ ಇದ್ದಬದ್ದ ದುಡ್ಡೆಲ್ಲ ವೆಲ್ಡಿಂಗಿಗೆ ಮತ್ತು ಇಂಜಿನ್ನಿಗೆ ಸುರಿದಿದ್ದ. ಬಣ್ಣಕ್ಕೆ ಏನೂ ಉಳಿದಿರಲಿಲ್ಲ. “ನಾವು ತರ್ತೇವ್ರಿ ಚಾಚಾ!” ಎಂದು ಎದೆ ತಟ್ಟಿ ಹೇಳಿದವಳು ಸುಶ್ಮಿತಾ. ಈಗ ನೋಡಿದರೆ ಬಕೀಟಿನ ತುಂಬ ಸೆಗಣಿ.

ಅಷ್ಟರಲ್ಲಿ ಇಂಜಿನ್ ಆಯಿಲ್ ತರಲು ಹೋಗಿದ್ದ ಹುಸೇನಪೀರ ಬಂದೇಬಿಟ್ಟ. ಬಕೀಟನ್ನು ನೋಡಿದ. ಆಚೆ ನೋಡಿದ, ಈಚೆ ನೋಡಿದ.

“ಯಾರ ಎಮ್ಮಿ ಬಂದಿತ್ತವಾ ಇಲ್ಲೆ?”

“ಎಮ್ಮಿ ಅಲ್ರಿ ಚಾಚಾ… ಸೈನ್ಸ್,” ಎಂದಳು ಸುಶ್ಮಿತಾ ಸಣ್ಣ ದನಿಯಲ್ಲಿ.

ಹುಸೇನಪೀರ ಕಲ್ಲಿನ ಮೇಲೆ ಕೂತ. ಹಣೆ ಉಜ್ಜಿಕೊಂಡ. ಆಮೇಲೆ ಅವನ ಹೊಟ್ಟೆ ಅಲುಗತೊಡಗಿತು. ಅಳುತ್ತಿದ್ದಾನೆಂದು ಹುಡುಗಿಯರು ಹೆದರಿದರು. ಇಲ್ಲ, ನಗುತ್ತಿದ್ದ.

“ಹಚ್ಚರಿ, ಹಚ್ಚರಿ! ತುಕ್ಕ ಹಿಡೀದಿದ್ರ ಸಾಕು. ಬ್ರಷ್ ತಗೋರಿ.”

ಸಂಜೆಯ ಹೊತ್ತಿಗೆ ಬೋಟು ಒಳಗೂ ಹೊರಗೂ ಸೆಗಣಿ ಬಣ್ಣವಾಗಿ ನಿಂತಿತು. ಹುಡುಗಿಯರ ಮೂಗು, ಕಿವಿ, ಜಡೆಗೂ ಅದೇ ಬಣ್ಣ.

ಆಗ ಯಮನವ್ವ ಬಂದಳು. ಅವಳೂ ಆಚೆ ಊರಿನವಳೇ. ತಲೆಯ ಮೇಲೆ ಬುಟ್ಟಿ ಹೊತ್ತು ಈ ಕಡೆ ಬಂದು ಕಾಯಿಪಲ್ಯ ಮಾರುವ ಮುದುಕಿ. ಬಾಯಿ ಅಂದರೆ ಬಾಯಿ ಅವಳದು! ಅವಳು ಹೂಂ ಅಂದರೆ ಊರೇ ಹೂಂ ಅನ್ನುತ್ತಿತ್ತು. ಅವಳು ಬೋಟು ಹತ್ತಿದರೆ ಎಲ್ಲರೂ ಹತ್ತುತ್ತಾರೆ, ಅವಳು ಒಲ್ಲೆ ಅಂದರೆ ಬೋಟು ಗುಜರಿಗೆ. ಇದು ಹುಸೇನಪೀರನಿಗೂ ಗೊತ್ತಿತ್ತು.

ಯಮನವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಏ ಹುಸೇನಾ! ಏನೋ ಇದು? ಬೋಟಿಗೆ ಸೆಗಣಿ ಹಾಕಿ ಸಾರಿಸೀಯೇನೋ?”

“ನಾಳಿಗೆ ಬರಬೇ ಯಮನವ್ವಾ, ಮೊದಲನೇ ಟ್ರಿಪ್ಪಿಗೆ ನೀನಽ ಹತ್ತಬೇಕು,” ಎಂದ ಹುಸೇನಪೀರ.

“ಇದನ್ನ? ಇದರಾಗ ಕುಂದರೂಕಿಂತ ನಾ ನೀರಾಗ ನಡಕೋಂತ ಹೋಗ್ತೇನಿ ತಗೋ!” ಎಂದು ಯಮನವ್ವ ಬಸ್ಸಿನ ಕಡೆ ನಡೆದಳು.

ಅಫ್ಸಾನಾಳ ಕಣ್ಣು ತುಂಬಿದವು. ಆದರೆ ಸುಶ್ಮಿತಾ ಅಲುಗಾಡದೆ ನಿಂತಿದ್ದಳು. ಅವಳ ತಲೆಯಲ್ಲಿ ಒಂದೇ ಮಾತು ಕುಣಿಯುತ್ತಿತ್ತು: ಸಾರಿಸೀಯೇನೋ, ಸಾರಿಸೀಯೇನೋ…

“ಅಫ್ಸೂ! ಸಾರಿಸಿದ ಮ್ಯಾಲೆ ಏನ ಹಾಕ್ತಾರ?”

“ಏನ ಹಾಕ್ತಾರ?”

“ರಂಗೋಲಿ!” ಎಂದು ಕಿರುಚಿ ಸುಶ್ಮಿತಾ ಮನೆ ಕಡೆ ಓಡಿಯೇಬಿಟ್ಟಳು.

ಸುಶ್ಮಿತಾಳ ಅವ್ವನ ಹತ್ತಿರ ಬಿಳಿ ಪೇಂಟಿನ ಡಬ್ಬಿಯಿತ್ತು. ಹಬ್ಬ ಬಂದಾಗ ಹೊಸ್ತಿಲ ಮೇಲೆ ಗಟ್ಟಿ ರಂಗೋಲಿ ಬರೆಯಲು ಇಟ್ಟುಕೊಂಡದ್ದು. ಉಳಿದ ದಿನ ಪುಡಿಯ ರಂಗೋಲಿಯೇ. ಆ ರಂಗೋಲಿಗೆ ಸುಶ್ಮಿತಾ ಕಾವಲು. ಹಾಲು ಹಾಕುವ ರಾಜಕುಮಾರ ದಿನಾ ಬೆಳಿಗ್ಗೆ ಮರೆತು ತುಳಿಯುತ್ತಿದ್ದ, ದಿನಾ ಬೆಳಿಗ್ಗೆ ಇವಳ ಕೈಲಿ ಬೈಸಿಕೊಳ್ಳುತ್ತಿದ್ದ. “ಕಣ್ಣ ಎಲ್ಲಿಟ್ಟೀರಿ ಅಣ್ಣಾ!” ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು. ಅವ್ವ ಮಾತ್ರ ಏನೂ ಅನ್ನುತ್ತಿರಲಿಲ್ಲ.

ಮಗಳ ಕತೆ ಕೇಳಿ ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಡಬ್ಬಿ ಕೊಟ್ಟಳು. ಕಡ್ಡಿಗೆ ಹತ್ತಿ ಸುತ್ತಿ ಬರೆಯುವುದನ್ನೂ ತೋರಿಸಿದಳು.

ರವಿವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಬೋಟಿನ ಹೊರಮೈಗೆ ಅಫ್ಸಾನಾ ಬಳ್ಳಿ ಬಿಡಿಸಿದಳು. ಈದಿಗೆ ಅಂಗೈ ಮೇಲೆ ಮೆಹಂದಿ ಹಾಕಿ ಹಾಕಿ ಅವಳ ಕೈ ಪಳಗಿತ್ತು. ಎಲೆ, ಮೊಗ್ಗು, ಸುರುಳಿ, ಮತ್ತೆ ಎಲೆ.

“ಬೋಟಿನ ಲಗ್ನ ಇಟ್ಟೀರೇನವಾ?” ಎಂದ ಹುಸೇನಪೀರ.

“ಹೂಂನ್ರಿ ಚಾಚಾ, ನೀವು ಬೀಗರು!” ಎಂದಳು ಸುಶ್ಮಿತಾ.

ಮಧ್ಯಾಹ್ನ ಅಕ್ಕಪಕ್ಕದವರು ಕೈಜೋಡಿಸಿ ಬೋಟನ್ನು ನೀರಿಗೆ ಇಳಿಸಿದರು. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ಒಂದು ಹನಿ ನೀರೂ ಒಳಗೆ ಬರಲಿಲ್ಲ. “ಹೋ!” ಎಂದು ಕೂಗಿದ ಕೂಗಿಗೆ ದಂಡೆಯ ಕೊಕ್ಕರೆಗಳೆಲ್ಲ ಹಾರಿಹೋದವು.

ಆಮೇಲೆ ಸುಶ್ಮಿತಾ ಒಳಗೆ ಕೂತಳು. ಬೋಟಿನ ತಳದಲ್ಲಿ ಚುಕ್ಕಿ ಇಟ್ಟಳು, ಗೆರೆ ಎಳೆದಳು, ಅಂಚಿನಿಂದ ಅಂಚಿಗೆ ಬಳ್ಳಿ ತುಂಬಿದಳು. ನಡುವೆ ಒಂದು ದೊಡ್ಡ ಕಮಲ. ಅಷ್ಟು ಚೆಂದದ ಕಮಲ ಅವಳು ಜನ್ಮದಲ್ಲಿ ಬರೆದಿರಲಿಲ್ಲ. ಬಣ್ಣ ದಪ್ಪಗೆ ಬಿದ್ದಿತ್ತು, ಮೇಲೆ ಮೋಡ ಬೇರೆ. ಸಂಜೆಯಾದರೂ ಒಣಗಿರಲಿಲ್ಲ.

“ಯಾರೂ ತುಳಿಯಂಗಿಲ್ಲ ಮತ್ತ!” ಎಂದಳು. ಹುಸೇನಪೀರ ಪಾಪ, ತನ್ನ ಬೋಟಿನಲ್ಲಿ ತಾನೇ ಬೆಕ್ಕಿನ ಹಾಗೆ ಅಂಚಿನ ಮೇಲೆ ಹೆಜ್ಜೆಯಿಟ್ಟು ಇಂಜಿನ್ ಹತ್ತಿರ ಹೋದ.

ಸಂಜೆ ಆಚೆ ಊರಿನವರು ಬಸ್ಸಿಗೆ ಹೊರಟವರು ದಂಡೆಯಲ್ಲಿ ನಿಂತರು. ಎಲ್ಲರ ಮುಂದೆ ಯಮನವ್ವ.

“ಅಯ್ಯ ಶಿವನ! ನಿನ್ನೆ ಕಂಡ ಬೋಟೇನಿದು? ಬಂಗಾರದಂಗ ಆಗೇತಲ್ಲೋ!”

ಹುಸೇನಪೀರ ಹಿಗ್ಗಿ ಹೀರೆಕಾಯಿಯಾದ. ಕೇಸರಿ ಬಣ್ಣದ ಲೈಫ್ ಜಾಕೆಟ್ ಕೊಟ್ಟ. ಯಮನವ್ವ ಅದನ್ನು ಇಳಕಲ್ ಸೀರೆಯ ಮೇಲೆ ಹಾಕಿಕೊಂಡು ಥೇಟ್ ಪೊಲೀಸಿನವಳ ಹಾಗೆ ನಿಂತಳು. ಚಪ್ಪಲಿ ಕಳೆದು ಕೈಯಲ್ಲಿ ಹಿಡಿದಳು. ಹಿಂದಿನವರೂ ಕಳೆದರು. ಯಮನವ್ವ ಒಂದು ಕಾಲು ಎತ್ತಿದಳು.

ಎತ್ತಿದ ಕಾಲು ಹಾಗೇ ನಿಂತಿತು.

“ಎಲ್ಲಿ ಇಡ್ಲಿ?”

“ಏನ ಎಲ್ಲಿಡ್ಲಿ?” ಎಂದ ಹುಸೇನಪೀರ.

“ಕಾಲೋ! ಹೊಸ್ತಿಲ ಮುಂದಿನ ರಂಗೋಲಿ ಆದ್ರ ದಾಟಬಹುದು. ಇದು ಒಳಗೆಲ್ಲಾ ಐತಿ. ರಂಗೋಲಿ ತುಳಿತಾರೇನೋ? ನಾ ಒಲ್ಲೆಪಾ!” ಯಮನವ್ವ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

“ಹೌದಲ್ಲ,” ಎಂದರು ಹಿಂದಿನವರು. ಒಬ್ಬರೂ ಮುಂದೆ ಬರಲಿಲ್ಲ. ಮೇಲೆ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿತು. ಕೆಲವರು ಮತ್ತೆ ಚಪ್ಪಲಿ ಮೆಟ್ಟಿಕೊಂಡರು.

ಹುಸೇನಪೀರನ ಮುಖ ಇಳಿದುಹೋಯಿತು. ಅಫ್ಸಾನಾ ಸುಶ್ಮಿತಾಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಸುಶ್ಮಿತಾ ಕಮಲವನ್ನು ನೋಡಿದಳು. ಒಂದೊಂದು ಎಸಳೂ ಹಸಿಹಸಿಯಾಗಿ ಮಿಂಚುತ್ತಿತ್ತು. ಕಣ್ಣು ಮುಚ್ಚಿದಳು. ಒಂದೇ ಜಿಗಿತ.

ಪಚಕ್!

ಕಮಲದ ನಟ್ಟನಡುವೆ ಬಂದು ನಿಂತಿದ್ದಳು. ಬೋಟು ತೂಗಾಡಿತು. ಅವಳು ಕಾಲೆತ್ತಿ ಮುಂದೆ ಇಟ್ಟಳು. ಸೆಗಣಿ ಬಣ್ಣದ ಮೇಲೆ ಬೆಳ್ಳನೆಯ ಪುಟ್ಟ ಹೆಜ್ಜೆಯೊಂದು ಮೂಡಿತು. ಅದರ ಮುಂದೆ ಇನ್ನೊಂದು.

“ಬಾ ಅಫ್ಸೂ!”

ಅಫ್ಸಾನಾ ಜಿಗಿದಳು. ಪಚಕ್!

ಯಮನವ್ವ ಬಗ್ಗಿ ನೋಡಿದಳು. ಅವಳ ಬೊಚ್ಚು ಬಾಯಿ ಅಗಲವಾಗಿ ತೆರೆಯಿತು. “ಅಯ್ಯ ನನ್ನವ್ವಾ! ಲಕ್ಷ್ಮೀ ಹೆಜ್ಜಿ ಮೂಡ್ಯಾವಲ್ಲ! ಒಳಗ ಹೊಂಟಾವ ನೋಡ್ರಿ! ಸರೀರಿ, ಸರೀರಿ, ನನ್ನೂ ಒಂದ ಮೂಡಲಿ!”

ಮುದುಕಿ ಬಣ್ಣದೊಳಗೆ ಬೇಕಂತಲೇ ಕಾಲು ಅದ್ದಿ ಅದ್ದಿ ಒಳಗೆ ಬಂದಳು. ಅವಳ ಹಿಂದೆ ಊರೇ ಬಂತು. ಪಚಕ್, ಪಚಕ್, ಪಚಕ್! “ನಂದು ನೋಡು, ನಂದು ನೋಡು!” ಎಂದು ದೊಡ್ಡವರೆಲ್ಲ ಸಣ್ಣವರಾದರು. ಇಂಜಿನ್ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಡುಗು ಡುಗು ಡುಗು ಎಂದು ಹೊರಟೇಬಿಟ್ಟಿತು. ಬಸ್ಸು ಖಾಲಿ ಹೋಯಿತು.

ಆಚೆ ದಂಡೆಯಲ್ಲಿ ಎಲ್ಲರೂ ಇಳಿದರು. ಯಮನವ್ವ ಇಳಿಯುವಾಗ, “ನಾಳೆ ಬೆಳಿಗ್ಗೆ ನನ್ನ ಬುಟ್ಟಿಗೂ ಜಾಗಾ ಇಡೋ,” ಎಂದಳು. ಹುಸೇನಪೀರ ಕೂಡಲೇ ಕೆರೂರಿಗೆ ಫೋನ್ ಹಚ್ಚಿದ. “ಇಲ್ಲಕ್ಕಾ, ಅಫ್ಸಾನಾ ಬರಂಗಿಲ್ಲ. ಇಲ್ಲೇ ಸಾಲಿಗೆ ಹೋಗ್ತಾಳ,” ಎಂದು ಜೋರಾಗಿ ಹೇಳಿದ.

ಹುಡುಗಿಯರು ಕುಣಿದ ಕುಣಿತಕ್ಕೆ ಬೋಟು ಮಗುಚದಿದ್ದದ್ದೇ ದೊಡ್ಡದು. ಸುಶ್ಮಿತಾಳನ್ನು ಮನೆಗೆ ಬಿಡಲು ಬೋಟು ಮತ್ತೆ ಈಚೆ ದಂಡೆಗೆ ಹೊರಳಿತು. ದಣಿದು ಕೂತ ಮೇಲೆ ಅಫ್ಸಾನಾ ಮೆಲ್ಲಗೆ ಅಂದಳು, “ಸುಶ್ಮೀ, ನಿನ್ನ ಕಮಲ ಹೋತಲ್ಲ.”

ಸುಶ್ಮಿತಾ ಕೆಳಗೆ ನೋಡಿದಳು. ಸೀಟಿನ ಕೆಳಗೆ ಅರ್ಧ ಎಸಳು ಉಳಿದಿತ್ತು. ಉಳಿದಲ್ಲೆಲ್ಲ ಹೆಜ್ಜೆ. ದೊಡ್ಡವು, ಸಣ್ಣವು, ಸೊಟ್ಟವು, ಒಂದರ ಮೇಲೊಂದು.

“ನಿನ್ನ ಹೆಜ್ಜಿ ಯಾವುದು?” ಎಂದು ಕೇಳಿದಳು.

ಇಬ್ಬರೂ ಹುಡುಕುತ್ತ ಕೂತರು.

ಮಾರನೆಯ ದಿನ ಬೆಳಿಗ್ಗೆ ಸುಶ್ಮಿತಾ ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದಳು. ಬೆರಳ ಸಂದಿಯ ಬಿಳಿ ಬಣ್ಣ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಅವ್ವ ಹೊಸ ರಂಗೋಲಿ ಹಾಕಿ ಆಗಷ್ಟೇ ಒಳಗೆ ಹೋಗಿದ್ದಳು.

ರಾಜಕುಮಾರ ಹಾಲಿನ ಕ್ಯಾನ್ ಹಿಡಿದು ಬಂದ. ಸುಶ್ಮಿತಾಳನ್ನು ಕಂಡು ದೂರವೇ ನಿಂತ. “ದಾಟ್ತೇನಿ ತಡಿಯವಾ, ತುಳಿಯಂಗಿಲ್ಲ,” ಎಂದು ಪ್ಯಾಂಟು ಎತ್ತಿ ಹಿಡಿದು ಜಿಗಿದ. ಜಿಗಿದರೂ ಹಿಮ್ಮಡಿ ರಂಗೋಲಿಯ ಮೇಲೆಯೇ ಬಿತ್ತು. ಬೈಗುಳಕ್ಕಾಗಿ ಕಣ್ಣು ಮುಚ್ಚಿ ನಿಂತ.

ಬೈಗುಳ ಬರಲಿಲ್ಲ.

“ಇರಲಿ ಬಿಡ್ರಿ ಅಣ್ಣಾ. ಅವ್ವ ನಾಳೆ ಮತ್ತ ಹಾಕ್ತಾಳ.”

ರಾಜಕುಮಾರ ಒಂದು ಕಣ್ಣು ತೆರೆದ. “ಯಾಕವಾ, ಮೈಯಾಗ ಆರಾಮ ಇಲ್ಲೇನು?”

ಸುಶ್ಮಿತಾಳಿಗೆ ಅದು ಕೇಳಿಸಲೇ ಇಲ್ಲ. ಕೆಳಗೆ ನೀರಿನ ಕಡೆಯಿಂದ ಡುಗು ಡುಗು ಡುಗು ಸದ್ದು ಬರುತ್ತಿತ್ತು. ಪ್ರಾರ್ಥನೆಗೆ ಇನ್ನೂ ಹೊತ್ತಿತ್ತು. ಅವಳು ಬ್ಯಾಗು ಹೆಗಲಿಗೆ ಹಾಕಿ ದಂಡೆಯ ಕಡೆ ಓಡಿದಳು.