ಓಗೊಡದ ಮರಳು

“ಗಾಡಿ ಅಲ್ಲೇ ನಿಲ್ಸಪ್ಪಾ! ಆ ಮರಳ ಮೇಲೆ ಚಕ್ರ ಹತ್ತಿಸ್ಬ್ಯಾಡ. ಮಾಟ ಮಾಡಿ ಹೂತವ್ರೆ.”

ಜೀಪಿಗೆ ಅಡ್ಡ ನಿಂತಿದ್ದವಳು ಮೇಕೆ ಮೇಯಿಸುವ ಪಾಪಕ್ಕ. ದೇವೇಂದ್ರ ನಕ್ಕುಬಿಟ್ಟ. ಹೊಸಕೋಟೆಯಲ್ಲಿ ಜೀಪುಗಳಿಗೆ ದಪ್ಪ ಟೈರು, ಬಂಪರು ಕೂರಿಸುವ ಅಂಗಡಿ ಅವನದು. ರಾಜಸ್ಥಾನದ ಮರಳುಗಾಡಿನಲ್ಲಿ ಜೀಪು ಓಡಿಸಿ, ಅಲ್ಲೇ ಟೆಂಟು ಹಾಕಿ ಮಲಗಬೇಕೆಂಬುದು ಅವನೂ ಹೆಂಡತಿ ಅಕ್ಷತಳೂ ಮದುವೆಯಾದಂದಿನಿಂದ ಆಡಿಕೊಂಡಿದ್ದ ಮಾತು. ಅವಳಿಗೆ ಅಷ್ಟು ರಜೆ ಸಿಕ್ಕಿರಲಿಲ್ಲ. ಸಾಸಲು ಎಂಬ ಹಳ್ಳಿಯ ಆಚೆ ಬತ್ತಿದ ಕೆರೆಯಂಗಳದಲ್ಲಿ, ಮಣ್ಣು ತೊಳೆದು ಮರಳು ಮಾಡುತ್ತಿದ್ದವರು ಬಿಟ್ಟುಹೋದ ದಿಬ್ಬಗಳಿವೆ ಎಂದು ಗಿರಾಕಿಯೊಬ್ಬ ಹೇಳಿದಾಗ ಇಬ್ಬರೂ ಕುಣಿದುಬಿಟ್ಟಿದ್ದರು.

“ಮಾಟ ಈ ಟೈರಿಗೆ ಹತ್ತಲ್ಲ ಅಜ್ಜಿ, ಬಿಡಿ.”

“ಪಾಪ, ನಿಜವಾಗ್ಲೂ ಹೆದರಿದಾರೆ ಕಣೋ. ವಾಪಸ್ ಹೋಗೋಣ್ವಾ?” ಅಕ್ಷತ ಪಿಸುಗುಟ್ಟಿದಳು. ಅವನು ಗೇರು ಬದಲಿಸಿದ.

ಮೂರಾಳೆತ್ತರದ ದಿಬ್ಬಗಳು. ಹತ್ತಿದರು, ಇಳಿದರು, ಕಿರುಚಿದರು. ಆದರೆ ಚಕ್ರ ಅಗೆದಲ್ಲೆಲ್ಲ ಕೊಳೆತ ನಿಂಬೆಯ, ಸುಟ್ಟ ಕೂದಲಿನ ವಾಸನೆ ಏಳುತ್ತಿತ್ತು. ಟೆಂಟು ಕಟ್ಟಲೆಂದು ಎಂಜಿನ್ ಆರಿಸಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಗಾಳಿಯಿರಲಿಲ್ಲ, ಮರಳು ಮಾತ್ರ ಸುರ್ರನೆ ಜಾರುತ್ತಲೇ ಇತ್ತು.

ಹೊತ್ತು ಮುಳುಗುವಾಗ ಅವನು ಕೊನೆಯದಾಗಿ ಒಂದು ಸಲ ದಿಬ್ಬ ಹತ್ತಿದ. ವಿಡಿಯೋ ಮಾಡಲು ಅಕ್ಷತ ಕೆಳಗೆ ನಿಂತಿದ್ದಳು. ನೆತ್ತಿಯಲ್ಲಿ ಮುಂದಿನ ಚಕ್ರ ಹೂತಿತು. ಇಡೀ ದಿಬ್ಬ ಒಮ್ಮೆ ಮಗ್ಗುಲು ಬದಲಿಸಿದ ಹಾಗಾಯಿತು. ಧೂಳೆದ್ದು ಕಣ್ಣು ಕತ್ತಲಿಟ್ಟಿತು. ಅದು ಇಳಿದಾಗ ಕೆಳಗೆ ಬರೀ ಮರಳು.

“ಅಕ್ಷತಾ!”

ಜಾರಿದ. ಬಿದ್ದ. ಎರಡೂ ಕೈಯಲ್ಲಿ ಬಗೆದ. ಬಗೆದಷ್ಟೂ ಮುಚ್ಚಿತು. ಬೆರಳಿಗೆ ಕಪ್ಪು ಬಟ್ಟೆಯ ಗಂಟೊಂದು ಸಿಕ್ಕಿತು. ಸೂಜಿ ಚುಚ್ಚಿದ ನಿಂಬೆಗಳು. ಬಳೆಚೂರು. ಎಸೆದ. “ಅಕ್ಷತಾ! ಅಕ್ಷತಾ!”

ಪಾಪಕ್ಕ ಓಡಿ ಬಂದು ಅವನ ಬಾಯಿ ಒತ್ತಿದಳು. “ಕೂಗ್ಬ್ಯಾಡ! ನೀನು ಕೂಗ್ದಷ್ಟೂ ದೂರ ಹೋಯ್ತಾಳೆ!”

ಅವನು ಅವಳನ್ನು ತಳ್ಳಿ ಮತ್ತೆ ಕೂಗಿದ. ಗಂಟಲು ಹರಿಯುವಂತೆ ಕೂಗಿದ. ಮುದುಕಿ ಮರಳಿಗೆ ಕೆನ್ನೆಯಿಟ್ಟು ಮೆಲ್ಲಗೆ ಕರೆದಳು, “ಮಗಾ, ಓ ಅನ್ನವ್ವಾ.”

ತಳದಿಂದ ಸಣ್ಣ ನರಳಿಕೆ ಬಂತು. ಇಬ್ಬರೂ ಅಲ್ಲಿಯೇ ತೋಡಿದರು. ಮೊದಲು ಕೂದಲು, ಆಮೇಲೆ ಹಣೆ, ಆಮೇಲೆ ಉಸಿರು.

ಆಸ್ಪತ್ರೆಯಲ್ಲಿ ಎರಡು ದಿನಕ್ಕೆ ಅಕ್ಷತ ಎದ್ದು ಕೂತಳು. ನರ್ಸಿನ ಚಪ್ಪಲಿಯ ಸದ್ದೂ ಅವಳಿಗೆ ಕೇಳುತ್ತಿತ್ತು. ದೇವೇಂದ್ರ ಹತ್ತಿರ ಕೂತು ಮಾತಾಡಿಸಿದಾಗ ಮಾತ್ರ ಕಿವಿ ಮುಚ್ಚಿಕೊಂಡಳು.

“ನಿನ್ನ ಬಾಯಿ ಆಡ್ತಿದೆ ದೇವು, ಆದ್ರೆ ಮರಳು ಸುರಿಯೋ ಸದ್ದು ಬರ್ತಿದೆ.”

ಕಿವಿ ಸರಿಯಾಗಿದೆ ಎಂದರು ಡಾಕ್ಟರು. ಫೋನಿನಲ್ಲಿದ್ದ ಅವನ ಹಳೆಯ ಮಾತುಗಳನ್ನು ಕೇಳಿಸಿದರೂ ಅದೇ ಸದ್ದು. ಅವನು ಸಾಸಲಿಗೆ ಓಡಿದ. ಪಾಪಕ್ಕನ ಕಾಲು ಹಿಡಿದು, ಮಾಟ ಮಾಡಿದವರು ಯಾರೆಂದು ಕೇಳಿದ.

“ನಾನೇ ಕಣಪ್ಪಾ.” ಅವಳು ತಲೆಯೆತ್ತಲಿಲ್ಲ. “ನನ್ ಮಗಳು ವಾಣಿಶ್ರೀ ಇಲ್ಲೇ ಮರಳು ತೊಳೀತಿದ್ಲು. ದಿಬ್ಬ ಕುಸೀತು. ಮರಳಿನೋರು ಅವಳನ್ನ ಹುಡುಕ್ಲಿಲ್ಲ, ಲಾರಿ ತುಂಬ್ಕೊಂಡು ಹೋದ್ರು. ಮೂರು ದಿನ ಕೂಗ್ದೆ. ಓ ಅನ್ಲಿಲ್ಲ. ಇದ್ರ ಮೇಲೆ ಚಕ್ರ ಓಡ್ಸೋರ ಕೂಗೂ ಅವ್ರ ಕಡೆಯೋರಿಗೆ ಕೇಳಿಸ್ಬಾರ್ದು ಅಂತ ಮಾಡಿಸ್ದೆ. ಮಾಡ್ದೋನು ಸತ್ತ. ಬಿಡಿಸೋದು ನಂಗೆ ಗೊತ್ತಿಲ್ಲ. ಅದಕ್ಕೇ ಯಾರೂ ಒಳಕ್ಕೆ ಹೋಗ್ದಂಗೆ ದಿನಾ ಬಂದು ದಾರಿ ಕಾಯ್ತೀನಿ.”

ಬೈಯಲು ಬಾಯಿ ತೆರೆದವನು ಅವಳ ಪಕ್ಕದಲ್ಲೇ ಕುಸಿದು ಕೂತು ಅತ್ತ.

ಈಗ ಮನೆಯಲ್ಲಿ ಅವನು ಬರೆದು ತೋರಿಸುತ್ತಾನೆ. ಅವಳು ಓದಿ ಉತ್ತರ ಹೇಳುತ್ತಾಳೆ. ಮೊನ್ನೆ ಸಂಜೆ ಹುರುಳಿಕಾಯಿ ಸೋಸುತ್ತಿದ್ದ ಅಕ್ಷತಳ ಕೈ ನಿಂತುಹೋಯಿತು.

“ನಿನ್ನ ದನಿ ಹೆಂಗಿತ್ತು ದೇವು? ಬೆಳಿಗ್ಗೆಯಿಂದ ನೆನಪು ಮಾಡ್ಕೋತಾನೇ ಇದೀನಿ. ನಿನ್ನೆವರೆಗೂ ಇತ್ತು.”

ದೇವೇಂದ್ರ ಕಾಗದ ಎಳೆದುಕೊಂಡ. ‘ನನ್ನ ದನಿ’ ಎಂದು ಬರೆದ. ಅದು ಹೇಗಿತ್ತೆಂದು ಬರೆಯಲು ಅಕ್ಷರ ಸಿಗಲಿಲ್ಲ.